ಟಾಂಗನೀಕಾ ತೀರಕ್ಕೆ ಹೊರಟವರು ಯಾವುದಕ್ಕೆ ಅಂಜಬೇಕು?

ಪ್ರಶ್ನೆ: ನಾನು ದಾವಣಗೆರೆಯ ನಿವೃತ್ತ ಪ್ರೌಢಶಾಲಾ ಶಿಕ್ಷಕ, ವಯಸ್ಸು 64. ಪತ್ನಿಗೆ 58. ಹನ್ನೆರಡು ವರ್ಷಗಳಿಂದ ಸಕ್ಕರೆ ಕಾಯಿಲೆಯಿದ್ದು ದಿನಕ್ಕೆ ಎರಡು ಬಾರಿ ಇನ್ಸುಲಿನ್ ತೆಗೆದುಕೊಳ್ಳುತ್ತಾಳೆ. ಮಗಳು, ಅಳಿಯ ಮತ್ತು ಏಳು ವರ್ಷದ ಮೊಮ್ಮಗ ಟಾಂಜಾನಿಯಾದ ದಾರ್ ಎಸ್ ಸಲಾಮ್‌ನಲ್ಲಿದ್ದಾರೆ. ಆಗಸ್ಟ್ ಮೂರನೇ ವಾರದಲ್ಲಿ ಅಲ್ಲಿಗೆ ಹೋಗಿ, ಎಲ್ಲರೂ ಸೇರಿ ಎಂಟು ದಿನ ಕಟಾವಿ ಅರಣ್ಯಕ್ಕೂ ಟಾಂಗನೀಕಾ ಸರೋವರದ ದಡದ ಮಹಾಲೆಗೂ ಹೋಗಿಬರುವುದೆಂದು ಅಳಿಯಂದಿರು ಗೊತ್ತುಮಾಡಿದ್ದಾರೆ. ಸೆಪ್ಟೆಂಬರ್ 10ಕ್ಕೆ ಊರಿಗೆ ಮರಳುತ್ತೇವೆ. ಅಡಿಸ್ ಅಬಾಬಾ ಮೂಲಕ ಟಿಕೆಟ್ ಅಗ್ಗವಾಗಿ ಸಿಗುತ್ತಿದೆ. ಬಂಧುಗಳು ನೀರಾನೆ, ಮೊಸಳೆ, ಎಬೋಲಾ, ಹಳದಿ ಜ್ವರ ಎಂದು ಹೆದರಿಸುತ್ತಿದ್ದಾರೆ. ರಾಯಚೂರಿನಲ್ಲಿ ಕೆಲಸದಲ್ಲಿದ್ದಾಗ ನನಗೆ ಎರಡು ಸಲ ಮಲೇರಿಯಾ ಬಂದು ಹೋಗಿದೆ, ಆದ್ದರಿಂದ ಇನ್ನು ಬರಲಾರದು ಎಂದುಕೊಂಡಿದ್ದೇನೆ. ಆದರೂ ಔಷಧದ ಅಂಗಡಿಯವರು ವಾರಕ್ಕೊಂದು ಕ್ಲೋರೋಕ್ವಿನ್ ಸಾಕು ಎಂದಿದ್ದಾರೆ, ಸ್ನೇಹಿತರೊಬ್ಬರು ಬಿ1 ವಿಟಮಿನ್ ನುಂಗಿದರೆ ಸೊಳ್ಳೆ ಹತ್ತಿರ ಸುಳಿಯುವುದಿಲ್ಲ ಎನ್ನುತ್ತಾರೆ. ಪತ್ನಿ ಹರಿಹರದಲ್ಲಿ ತುಂಗಭದ್ರೆಯ ದಡದಲ್ಲಿ ಬೆಳೆದವಳು, ಆ ಸರೋವರದಲ್ಲಿ ಒಮ್ಮೆ ಈಜಬೇಕೆಂದು ಆಸೆಪಟ್ಟಿದ್ದಾಳೆ. ನಾವು ಹೋಗುವುದೋ ಬಿಡುವುದೋ, ದಯವಿಟ್ಟು ಸ್ಪಷ್ಟವಾಗಿ ತಿಳಿಸಿ.

ಉತ್ತರ: ಹೋಗಿಬನ್ನಿ. ಆದರೆ ಟಿಕೆಟ್ಟಿನ ದಾರಿಯನ್ನು ಬದಲಿಸಿ, ಕ್ಲೋರೋಕ್ವಿನ್ ಹಿಂದಿರುಗಿಸಿ, ಈಜುವ ವಿಚಾರವನ್ನು ಈ ಉತ್ತರವನ್ನು ಪೂರ್ತಿ ಓದಿದ ಮೇಲೆ ನಿರ್ಧರಿಸಿ. ನಿಮ್ಮ ಪತ್ರದಲ್ಲಿ ಕಣ್ಣಿಗೆ ದೊಡ್ಡದಾಗಿ ಕಾಣುವ ಪ್ರಾಣಿಗಳ ಭಯ ಹೆಚ್ಚಾಗಿದೆ. ನಾನು ವೈದ್ಯನಾಗಿ ಪಶ್ಚಿಮ ಟಾಂಜಾನಿಯಾದ ಒಂದು ಆಸ್ಪತ್ರೆಯಲ್ಲಿ ಎರಡು ವರ್ಷ ಕೆಲಸ ಮಾಡಿದ್ದೇನೆ, ಅನಂತರ ಇಲ್ಲಿ ಆಫ್ರಿಕಾಕ್ಕೆ ಹೋಗಿಬರುವವರನ್ನು ನೋಡುತ್ತ ಬಂದಿದ್ದೇನೆ. ಆ ಅನುಭವದಿಂದ ಹೇಳುವುದಾದರೆ, ಅಂಜಬೇಕಾದದ್ದು ಸೊಳ್ಳೆಗೆ, ಉಗುರಿನಷ್ಟು ಗಾತ್ರದ ಒಂದು ಬಸವನಹುಳುವಿಗೆ ಮತ್ತು ಆಸ್ಪತ್ರೆಯ ದೂರಕ್ಕೆ. ಈ ಅಪಾಯಗಳಲ್ಲಿ ಹೆಚ್ಚಿನವು ಅಲ್ಲಿರುವಾಗ ಗೊತ್ತಾಗುವುದೇ ಇಲ್ಲ. ಮನೆಗೆ ಬಂದು ಎರಡು ವಾರ, ಕೆಲವೊಮ್ಮೆ ಎರಡು ತಿಂಗಳು ಕಳೆದ ಮೇಲೆ ಮೈ ಬಿಸಿಯಾಗುತ್ತದೆ.

ಟಿಕೆಟ್ಟಿನ ವಿಷಯ ತುರ್ತಿನದಾದ್ದರಿಂದ ಹಳದಿ ಜ್ವರವನ್ನೇ ಮೊದಲು ಮುಗಿಸುತ್ತೇನೆ. ವಿಶ್ವ ಆರೋಗ್ಯ ಸಂಸ್ಥೆಯು ಟಾಂಜಾನಿಯಾದಲ್ಲಿ ಈ ರೋಗದ ಸಾಧ್ಯತೆಯನ್ನು ಕಡಿಮೆ ಎಂದು ಪರಿಗಣಿಸಿದೆ, ಆ ದೇಶವಷ್ಟಕ್ಕೇ ಹೋಗಿಬರುವವರಿಗೆ ಲಸಿಕೆಯನ್ನು ಸಾಮಾನ್ಯವಾಗಿ ಸೂಚಿಸುವುದಿಲ್ಲ. ಭಾರತದಿಂದ ನೇರವಾಗಿ ಬಂದವರನ್ನು ಟಾಂಜಾನಿಯಾ ಲಸಿಕೆಯ ಪ್ರಮಾಣಪತ್ರ ಕೇಳುವುದಿಲ್ಲ, ಆದರೆ ಈ ರೋಗವಿರುವ ದೇಶದಿಂದ ಬಂದವರನ್ನೂ, ಅಂಥ ದೇಶದಲ್ಲಿ ವಿಮಾನ ಬದಲಿಸಲು ಹನ್ನೆರಡು ಗಂಟೆಗಿಂತ ಹೆಚ್ಚು ತಂಗಿದವರನ್ನೂ ಕೇಳುತ್ತದೆ. ಇಥಿಯೋಪಿಯಾ, ಕೀನ್ಯಾ ಎರಡೂ ಅಂಥ ದೇಶಗಳೇ. ಇತ್ತ ಭಾರತದ ನಿಯಮ ಇನ್ನೂ ಬಿಗಿ. ಈ ರೋಗವನ್ನು ಹರಡುವ ಈಡಿಸ್ ಸೊಳ್ಳೆ ನಮ್ಮ ಊರೂರಿನಲ್ಲಿದೆ, ರೋಗ ಮಾತ್ರ ಇನ್ನೂ ನೆಲೆಯೂರಿಲ್ಲ. ಅದು ಒಳಬರದಂತೆ ತಡೆಯಲು, ರೋಗವಿರುವ ದೇಶದಿಂದ ಪ್ರಮಾಣಪತ್ರವಿಲ್ಲದೆ ಬಂದವರನ್ನು ಆರು ದಿನಗಳವರೆಗೆ ಪ್ರತ್ಯೇಕವಾಗಿ ಇರಿಸುವ ಅಧಿಕಾರ ನಮ್ಮ ವಿಮಾನ ನಿಲ್ದಾಣದ ಆರೋಗ್ಯಾಧಿಕಾರಿಗಳಿಗಿದೆ.

ಹಾಗಿದ್ದರೆ ಲಸಿಕೆ ಹಾಕಿಸಿಕೊಂಡುಬಿಡೋಣ ಎಂದು ನೀವು ಹೇಳಬಹುದು. ನಿಮ್ಮ ವಯಸ್ಸಿನಲ್ಲಿ ನಾನು ಅದಕ್ಕೆ ಅವಸರಪಡುವುದಿಲ್ಲ. ಇದು ಜೀವಂತ ವೈರಾಣುವನ್ನು ದುರ್ಬಲಗೊಳಿಸಿ ಮಾಡಿದ ಲಸಿಕೆ. ಅರುವತ್ತು ದಾಟಿದ ಮೇಲೆ ಮೊದಲ ಬಾರಿ ಹಾಕಿಸಿಕೊಂಡವರಲ್ಲಿ, ಬಹಳ ಅಪರೂಪಕ್ಕಾದರೂ, ಯಕೃತ್ತು ಮತ್ತು ಮೂತ್ರಪಿಂಡಗಳಿಗೆ ಏಟು ಕೊಡುವ ಗಂಭೀರ ಪರಿಣಾಮ ಕಿರಿಯರಿಗಿಂತ ಹೆಚ್ಚು ಕಂಡುಬಂದಿದೆ. ರೋಗದ ಸಾಧ್ಯತೆಯೇ ಕಡಿಮೆಯಿರುವ ಕಡೆಗೆ ಹೋಗಲು, ವಿಮಾನದ ದಾರಿಯೊಂದರ ಕಾರಣಕ್ಕಾಗಿ ಆ ಅಪಾಯವನ್ನು ಮೈಮೇಲೆ ಎಳೆದುಕೊಳ್ಳುವ ಅಗತ್ಯವಿಲ್ಲ. ದುಬೈ, ದೋಹಾದಂಥ ಗಲ್ಫ್ ನಗರಗಳ ಮೂಲಕ ಹೋಗಿಬನ್ನಿ, ಟಿಕೆಟ್ ಕೊಳ್ಳುವ ಮುನ್ನ ಕೇಂದ್ರ ಆರೋಗ್ಯ ಸಚಿವಾಲಯದ ಆ ಹೊತ್ತಿನ ಪಟ್ಟಿಯನ್ನು ನೋಡಿಕೊಳ್ಳಿ. ಕಾರಣಾಂತರದಿಂದ ಲಸಿಕೆ ಅನಿವಾರ್ಯವಾದರೆ ಸರ್ಕಾರ ಅಧಿಕೃತಗೊಳಿಸಿದ ಕೇಂದ್ರದಲ್ಲೇ ಹಾಕಿಸಿಕೊಳ್ಳಬೇಕು, ಪ್ರಮಾಣಪತ್ರ ಹತ್ತು ದಿನಗಳ ಅನಂತರ ಜಾರಿಗೆ ಬರುತ್ತದೆ. 2016ರಿಂದ ಅದು ಜೀವಮಾನಕ್ಕೆ ಸಾಕು.

ಎಬೋಲಾದ ಬಂಧುವಾದ ಮಾರ್ಬರ್ಗ್ ಜ್ವರ 2023ರಲ್ಲೂ 2025ರ ಆರಂಭದಲ್ಲೂ ಟಾಂಜಾನಿಯಾದ ವಾಯವ್ಯ ಮೂಲೆಯ ಕಗೇರಾ ಪ್ರಾಂತ್ಯದಲ್ಲಿ ಕಾಣಿಸಿಕೊಂಡು ಹತೋಟಿಗೆ ಬಂದಿತು. ಅದು ವಿಕ್ಟೋರಿಯಾ ಸರೋವರದ ಕಡೆಯ ಪ್ರದೇಶ, ನೀವು ಹೋಗುವ ಜಾಗದಿಂದ ಬಹಳ ಉತ್ತರಕ್ಕಿದೆ. ಹೊರಡುವ ವಾರದಲ್ಲಿ ಸುದ್ದಿಯನ್ನು ಗಮನಿಸಿದರೆ ಸಾಕು.

ಇನ್ನು ಪ್ರಾಣಿಗಳು. ಕಟಾವಿಯಲ್ಲಿ ನೀರಾನೆಗಳನ್ನು ನೀವು ಹತ್ತಿಪ್ಪತ್ತಲ್ಲ, ನೂರುಗಟ್ಟಲೆ ನೋಡುತ್ತೀರಿ. ಆಗಸ್ಟ್‌ನಿಂದ ಅಕ್ಟೋಬರ್‌ವರೆಗೆ ಕಟುಮಾ ನದಿ ಒಣಗಿ ಅಲ್ಲಲ್ಲಿ ಕೆಸರು ಗುಂಡಿಗಳಷ್ಟೇ ಉಳಿದಾಗ ಅವು ಒಂದರ ಬೆನ್ನಿನ ಮೇಲೊಂದು ಎನ್ನುವಂತೆ ಒತ್ತಿಕೊಂಡು ಮಲಗಿರುತ್ತವೆ, ಬದಿಯ ಮಣ್ಣಿನ ಪೊಟರೆಗಳಲ್ಲಿ ಮೊಸಳೆಗಳಿರುತ್ತವೆ. ವಾಹನದಲ್ಲಿ ಕುಳಿತವರಿಗೆ ಅವುಗಳಿಂದ ತೊಂದರೆ ಇಲ್ಲವೆಂದೇ ಹೇಳಬಹುದು. ಅಪಾಯವಿರುವುದು ಕತ್ತಲಾದ ಮೇಲೆ. ನೀರಾನೆ ರಾತ್ರಿ ಮೇಯಲು ದಡಕ್ಕೆ ಬರುತ್ತದೆ, ಬೆದರಿದಾಗ ನೀರಿನ ಕಡೆಗೇ ಓಡುತ್ತದೆ. ಅದಕ್ಕೂ ನೀರಿಗೂ ನಡುವೆ ನಿಂತವರು ಅದರ ದಾರಿಗೆ ಅಡ್ಡವಾಗುತ್ತಾರೆ. ಆದ್ದರಿಂದ ಬೀಡಿನಲ್ಲಿ ರಾತ್ರಿ ಡೇರೆಯಿಂದ ಊಟದ ಜಾಗಕ್ಕೆ ಹೋಗುವಾಗ ಕಾವಲಿನವರು ಬರುವವರೆಗೆ ಕಾಯಿರಿ, ನಾಲ್ಕು ಹೆಜ್ಜೆಯಲ್ಲವೇ ಎಂದು ಒಬ್ಬರೇ ಹೊರಡಬೇಡಿ.

ಮಹಾಲೆಯ ಚಿಂಪಾಂಜಿಗಳ ವಿಚಾರದಲ್ಲಿ ಭಯದ ದಿಕ್ಕೇ ಬೇರೆ. ಕ್ಯೋಟೋ ವಿಶ್ವವಿದ್ಯಾಲಯದ ಸಂಶೋಧಕರು 1965ರಿಂದ ಅವುಗಳನ್ನು ಅಭ್ಯಸಿಸುತ್ತಿರುವುದರಿಂದ ಅವು ಮನುಷ್ಯರಿಗೆ ಒಗ್ಗಿಕೊಂಡಿವೆ, ನಮ್ಮ ಕೆಮ್ಮು ನೆಗಡಿಗೆ ಮಾತ್ರ ಒಗ್ಗಿಲ್ಲ. 2006ರಲ್ಲಿ ಅಲ್ಲಿ ಹರಡಿದ ಉಸಿರಾಟದ ಕಾಯಿಲೆಗೆ ಕೆಲವು ಚಿಂಪಾಂಜಿಗಳು ಬಲಿಯಾದವು, ಮನುಷ್ಯರಲ್ಲಿ ನೆಗಡಿ ತರುವ ವೈರಾಣುವೊಂದರ ಕುರುಹು ಅವುಗಳಲ್ಲಿ ಸಿಕ್ಕಿತು. ಅದಕ್ಕಾಗಿಯೇ ಮುಖಗವಸು, ಹತ್ತು ಮೀಟರ್ ಅಂತರ, ಒಂದು ಗಂಟೆಯ ಮಿತಿ ಎಂಬ ನಿಯಮಗಳಿವೆ. ಹನ್ನೆರಡು ವರ್ಷದೊಳಗಿನ ಮಕ್ಕಳನ್ನು ಚಿಂಪಾಂಜಿಗಳ ಬಳಿಗೆ ಬಿಡುವುದಿಲ್ಲ. ನಿಮ್ಮ ಮೊಮ್ಮಗನಿಗೆ ಈ ವಿಷಯವನ್ನು ಹೊರಡುವ ಮೊದಲೇ ಹೇಳಿ, ಆ ದಿನ ಅವನೊಂದಿಗೆ ಬೀಡಿನಲ್ಲಿ ಯಾರು ಉಳಿಯುವುದೆಂದು ನಿರ್ಧರಿಸಿಕೊಳ್ಳಿ. ನಿಮಗೇ ನೆಗಡಿಯಾಗಿದ್ದರೆ ಅಂದಿನ ನಡಿಗೆಯನ್ನು ನೀವಾಗಿ ಬಿಟ್ಟುಬಿಡಿ.

ಈಗ ಮಲೇರಿಯಾ. ನಿಮ್ಮ ಪತ್ರದಲ್ಲಿ ಇದರ ಬಗ್ಗೆ ಮೂರು ನಂಬಿಕೆಗಳಿವೆ, ಮೂರೂ ನಿಜವಲ್ಲ. ಹಿಂದೆ ಮಲೇರಿಯಾ ಬಂದವರಿಗೆ ಸ್ವಲ್ಪ ಪ್ರತಿರೋಧ ಬರುವುದು ಉಂಟು. ಆದರೆ ಅದು ವರ್ಷವರ್ಷವೂ ಸೊಳ್ಳೆ ಕಚ್ಚಿಸಿಕೊಳ್ಳುತ್ತ ಅದೇ ಊರಿನಲ್ಲಿ ಬದುಕುವವರಲ್ಲಿ ಉಳಿಯುತ್ತದೆಯೇ ಹೊರತು, ಊರು ಬಿಟ್ಟವರಲ್ಲಿ ಕರಗಿಹೋಗುತ್ತದೆ. ಎಷ್ಟೋ ವರ್ಷಗಳ ಹಿಂದಿನ ರಾಯಚೂರಿನ ಜ್ವರ ನಿಮ್ಮನ್ನು ಇಂದು ಕಾಯುವುದಿಲ್ಲ. ದಾರ್ ಎಸ್ ಸಲಾಮ್‌ನಲ್ಲಿ ಬಹುಕಾಲ ನೆಲೆಸಿದ ನಮ್ಮವರಿಗೂ ಈ ಮಾತು ಅನ್ವಯಿಸುತ್ತದೆ, ಏಕೆಂದರೆ ಆ ನಗರಕ್ಕಿಂತ ಸರೋವರದ ಕಡೆಯ ಕಿಗೋಮಾ ಪ್ರಾಂತ್ಯದಲ್ಲಿ ಮಲೇರಿಯಾ ಬಹಳ ಹೆಚ್ಚು. ಕ್ಲೋರೋಕ್ವಿನ್ ನಮ್ಮಲ್ಲಿ ವೈವಾಕ್ಸ್ ಎಂಬ ಬಗೆಯ ಮಲೇರಿಯಾಕ್ಕೆ ಇಂದಿಗೂ ಕೊಡುವ ಔಷಧ. ಅಲ್ಲಿರುವುದು ಬಹುಮಟ್ಟಿಗೆ ಫಾಲ್ಸಿಪಾರಂ ಎಂಬ ಹೆಚ್ಚು ಮಾರಕವಾದ ಬಗೆ, ಅದನ್ನು ತಡೆಯಲು ಕ್ಲೋರೋಕ್ವಿನ್ ಅನ್ನು ನಂಬುವಂತಿಲ್ಲ. ಅಂಗಡಿಯವರು ತಮಗೆ ಗೊತ್ತಿರುವ ಮಲೇರಿಯಾವನ್ನು ನೆನೆದು ಹೇಳಿದ್ದಾರೆ. ಬಿ1 ವಿಟಮಿನ್, ಬೆಳ್ಳುಳ್ಳಿ ಇವು ಸೊಳ್ಳೆಯನ್ನು ದೂರವಿಡುತ್ತವೆ ಎಂಬುದಕ್ಕೆ ಆಧಾರವಿಲ್ಲ.

ಅಲ್ಲಿಯ ಮಲೇರಿಯಾ ನಮ್ಮದಕ್ಕಿಂತ ಏಕೆ ಭಿನ್ನ ಎಂಬುದನ್ನು ಸ್ವಲ್ಪ ವಿವರಿಸಬೇಕು. ನಮ್ಮ ಬಯಲುಸೀಮೆಯ ಹಳ್ಳಿಗಳಲ್ಲಿ ಮಲೇರಿಯಾ ಹರಡುವ ಮುಖ್ಯ ಸೊಳ್ಳೆ ಮನುಷ್ಯನಿಗಿಂತ ದನದ ರಕ್ತವನ್ನೇ ಹೆಚ್ಚು ಬಯಸುತ್ತದೆ, ಕೊಟ್ಟಿಗೆಯ ದನ ನಮ್ಮ ಪಾಲಿನ ಎಷ್ಟೋ ಕಡಿತಗಳನ್ನು ತಾನು ಅನುಭವಿಸುತ್ತದೆ. ಆಫ್ರಿಕಾದ ಅನಾಫಿಲಿಸ್ ಗ್ಯಾಂಬಿಯೆ ಮನುಷ್ಯನ ರಕ್ತವನ್ನೇ ಅರಸಿಕೊಂಡು ರಾತ್ರಿ ಮನೆಯೊಳಗೆ ಬರುತ್ತದೆ. ಜಗತ್ತಿನ ಮಲೇರಿಯಾ ಸಾವುಗಳಲ್ಲಿ ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ಆ ಖಂಡದಲ್ಲೇ ಆಗುವುದಕ್ಕೆ ಈ ಸೊಳ್ಳೆ ಮತ್ತು ಫಾಲ್ಸಿಪಾರಂ ಒಟ್ಟುಗೂಡಿರುವುದು ದೊಡ್ಡ ಕಾರಣ. ಒಣ ಋತುವಿನಲ್ಲಿ ಸೊಳ್ಳೆ ಕಡಿಮೆಯಾಗುತ್ತದೆ, ಆದರೆ ಸರೋವರದ ಅಂಚಿನಲ್ಲಿ, ತೊರೆಗಳ ಬಾಯಲ್ಲಿ ಇಲ್ಲದೆ ಹೋಗುವುದಿಲ್ಲ. ಎತ್ತರದ ಆಸರೆಯೂ ಇಲ್ಲ. ಸರೋವರದ ಮಟ್ಟ ಸಮುದ್ರಕ್ಕಿಂತ ಸುಮಾರು 770 ಮೀಟರ್ ಮೇಲಿದೆ, ಅಂದರೆ ದಾವಣಗೆರೆಗಿಂತ ಎತ್ತರ, ಬೆಂಗಳೂರಿಗಿಂತ ತಗ್ಗು.

ತಡೆಗೆ ಮೂರು ಮಾತ್ರೆಗಳಿವೆ. ಅಟೊವಾಕ್ವೋನ್-ಪ್ರೊಗ್ವಾನಿಲ್ ಅನ್ನು ಹೊರಡುವ ಒಂದೆರಡು ದಿನ ಮೊದಲು ಆರಂಭಿಸಿ, ಅಲ್ಲಿರುವಷ್ಟು ದಿನ ದಿನಕ್ಕೊಂದರಂತೆ, ಮರಳಿದ ಮೇಲೆ ಏಳು ದಿನ ತೆಗೆದುಕೊಳ್ಳಬೇಕು. ಹಾಲಿನೊಂದಿಗೆ ಅಥವಾ ಜಿಡ್ಡಿನ ಅಂಶವಿರುವ ಊಟದೊಂದಿಗೆ ನುಂಗಿದರೆ ಮೈಗೆ ಚೆನ್ನಾಗಿ ಹತ್ತುತ್ತದೆ. ತೊಂದರೆ ಕಡಿಮೆ, ಬೆಲೆ ಹೆಚ್ಚು, ಎಲ್ಲ ಅಂಗಡಿಗಳಲ್ಲಿ ಸಿಗುವಂಥದ್ದಲ್ಲ. ಆದ್ದರಿಂದ ತಿಂಗಳು ಮೊದಲೇ ಹೇಳಿಡಿ. ನಿಮ್ಮಿಬ್ಬರಿಗೂ ನನ್ನ ಮೊದಲ ಆಯ್ಕೆ ಇದೇ. ಆದರೆ ಮೂತ್ರಪಿಂಡ ತೀರಾ ಸೋತವರಿಗೆ ಇದನ್ನು ಕೊಡಬಾರದು, ಹನ್ನೆರಡು ವರ್ಷ ಸಕ್ಕರೆ ಕಾಯಿಲೆಯಿರುವ ನಿಮ್ಮ ಪತ್ನಿಯವರು ರಕ್ತದ ಕ್ರಿಯಾಟಿನಿನ್ ಪರೀಕ್ಷೆ ಮಾಡಿಸಿ ನಿಮ್ಮ ವೈದ್ಯರಿಗೆ ತೋರಿಸಲಿ. ಡಾಕ್ಸಿಸೈಕ್ಲಿನ್ ಅಗ್ಗ, ಎಲ್ಲೆಡೆ ಸಿಗುತ್ತದೆ, ಕೆಲಸವನ್ನೂ ಚೆನ್ನಾಗಿ ಮಾಡುತ್ತದೆ. ಆದರೆ ಮರಳಿದ ಮೇಲೂ ನಾಲ್ಕು ವಾರ ನುಂಗಬೇಕು, ಬಿಸಿಲಿಗೆ ಚರ್ಮ ಬೇಗ ಸುಡುತ್ತದೆ, ತುಂಬಿದ ಲೋಟ ನೀರಿಲ್ಲದೆ ನುಂಗಿ ಮಲಗಿದರೆ ಅನ್ನನಾಳದಲ್ಲಿ ಹುಣ್ಣಾಗುತ್ತದೆ. ಎಂಟು ವರ್ಷದೊಳಗಿನ ಮಕ್ಕಳಿಗೆ ತಡೆಮಾತ್ರೆಯಾಗಿ ಇದನ್ನು ಕೊಡುವುದಿಲ್ಲವಾದ್ದರಿಂದ ನಿಮ್ಮ ಮೊಮ್ಮಗನಿಗೆ ಆಗದು. ಅವನಿಗೆ ತೂಕಕ್ಕೆ ತಕ್ಕ ಪ್ರಮಾಣದಲ್ಲಿ ಮೊದಲನೆಯದನ್ನು ಅಲ್ಲಿಯ ಮಕ್ಕಳ ವೈದ್ಯರಿಂದ ಬರೆಸಿಕೊಳ್ಳುವಂತೆ ಮಗಳಿಗೆ ತಿಳಿಸಿ. ಮೂರನೆಯದು ವಾರಕ್ಕೊಂದು ನುಂಗುವ ಮೆಫ್ಲೋಕ್ವಿನ್. ಅದು ಕೆಲವರ ನಿದ್ದೆ ಕೆಡಿಸಿ ಮನಸ್ಸನ್ನು ಕಲಕುತ್ತದೆ, ಖಿನ್ನತೆ, ಮೂರ್ಛೆರೋಗ, ಹೃದಯಬಡಿತದ ದೋಷ ಇರುವವರಿಗೆ ಸಲ್ಲದು. ಬೇರೆ ದಾರಿಯಿರುವಾಗ ನಿಮ್ಮ ವಯಸ್ಸಿನವರಿಗೆ ನಾನದನ್ನು ಬರೆಯುವುದಿಲ್ಲ.

ಯಾವ ಮಾತ್ರೆಯೂ ನೂರಕ್ಕೆ ನೂರು ಕಾಯುವುದಿಲ್ಲ. ಮುಸ್ಸಂಜೆಯಿಂದ ಬೆಳಗಿನವರೆಗೆ ತುಂಬುತೋಳಿನ ಬಟ್ಟೆ, ಮಲಗುವಾಗ ಔಷಧ ಲೇಪಿಸಿದ ಸೊಳ್ಳೆಪರದೆ, ತೆರೆದ ಚರ್ಮಕ್ಕೆ ಡೀಟ್ ಎಂಬ ಸೊಳ್ಳೆ ನಿವಾರಕ ಇರುವ ಮುಲಾಮು ಇವೂ ಬೇಕು. ಮುಲಾಮಿನ ಟ್ಯೂಬಿನ ಹಿಂದೆ ಅದರ ಪ್ರಮಾಣವನ್ನು ಓದಿ, ಶೇಕಡ 20ಕ್ಕಿಂತ ಕಡಿಮೆಯಿದ್ದರೆ ಬಹಳ ಹೊತ್ತು ನಿಲ್ಲುವುದಿಲ್ಲ.

ಮರಳಿದ ಮೇಲಿನ ಜ್ವರದ ಬಗ್ಗೆ ಹೇಳುವಾಗ ನನಗೆ ಒಬ್ಬ ರೋಗಿ ನೆನಪಾಗುತ್ತಾರೆ. ನಲವತ್ತರ ಆಸುಪಾಸಿನ ಎಂಜಿನಿಯರ್, ಪೂರ್ವ ಆಫ್ರಿಕಾದಲ್ಲಿ ಮೂರು ವಾರ ಕೆಲಸ ಮಾಡಿ ಬಂದವರು. ಮಾತ್ರೆ ತೆಗೆದುಕೊಂಡಿರಲಿಲ್ಲ. ಬಂದ ಹನ್ನೊಂದನೆಯ ದಿನ ಜ್ವರ ಬಂತು. ಮಳೆಗಾಲ, ಊರಿನಲ್ಲೆಲ್ಲ ಡೆಂಗಿ, ಪ್ಲೇಟ್‌ಲೆಟ್ ನಲವತ್ತು ಸಾವಿರಕ್ಕೆ ಇಳಿದಿತ್ತು. ಎಲ್ಲಿಗೆ ಹೋಗಿದ್ದಿರಿ ಎಂದು ಅವರನ್ನು ಯಾರೂ ಕೇಳಲಿಲ್ಲ, ಅವರಿಗೂ ಹೇಳಬೇಕೆಂದು ತೋಚಲಿಲ್ಲ. ಡೆಂಗಿ ಎಂದೇ ಮೂರು ದಿನ ಚಿಕಿತ್ಸೆ ನಡೆಯಿತು. ನಾಲ್ಕನೆಯ ದಿನ ಮಾತು ತೊದಲತೊಡಗಿದಾಗ ನನ್ನ ಬಳಿಗೆ ಕರೆತಂದರು. ರಕ್ತದ ಗಾಜಿನ ಪಟ್ಟಿಯನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟಾಗ ನಸುಗೆಂಪು ಕಣಗಳ ಒಳಗೆ ಎಳೆಯ ದಾರದಂಥ ನೀಲಿ ಉಂಗುರಗಳು, ಒಂದೊಂದಕ್ಕೂ ಕೆಂಪು ಹರಳಿನಂಥ ಚುಕ್ಕಿ, ಕೆಲವು ಕಣಗಳಲ್ಲಿ ಎರಡು ಮೂರು ಉಂಗುರಗಳು ಒಟ್ಟಿಗೇ ಇದ್ದವು. ಅದು ಫಾಲ್ಸಿಪಾರಂ. ಆರ್ಟಿಸುನೇಟ್ ಚುಚ್ಚುಮದ್ದಿನಿಂದ ಅವರು ಉಳಿದರು, ಆದರೆ ಎರಡು ವಾರ ಡಯಾಲಿಸಿಸ್ ಬೇಕಾಯಿತು. ಮೊದಲ ದಿನವೇ ಪರೀಕ್ಷೆಯಾಗಿದ್ದರೆ ಮೂರು ದಿನದ ಮಾತ್ರೆಯಲ್ಲಿ ಮುಗಿಯಬಹುದಾಗಿದ್ದ ಕಾಯಿಲೆ ಅದು.

ಸೊಳ್ಳೆ ಕಚ್ಚಿದ ಏಳು ದಿನಗಳೊಳಗೆ ಈ ಪರೋಪಜೀವಿ ಜ್ವರ ತರುವುದು ವಿರಳ, ಬಹುಪಾಲು ಒಂದು ತಿಂಗಳೊಳಗೆ, ಕೆಲವೊಮ್ಮೆ ಮೂರು ತಿಂಗಳವರೆಗೂ ಕಾಯುತ್ತದೆ. ಆದ್ದರಿಂದ ಆ ಅವಧಿಯಲ್ಲಿ ಬರುವ ಯಾವ ಜ್ವರವಾದರೂ, ಮಾತ್ರೆ ತಪ್ಪದೆ ನುಂಗಿದ್ದರೂ, ಅದೇ ದಿನ ಮಲೇರಿಯಾ ಪರೀಕ್ಷೆಯಾಗಬೇಕು. ಒಂದು ಸಲ ಇಲ್ಲವೆಂದು ಬಂದರೆ ಸಾಲದು, ಹನ್ನೆರಡರಿಂದ ಇಪ್ಪತ್ತನಾಲ್ಕು ಗಂಟೆಗಳ ಅಂತರದಲ್ಲಿ ಇನ್ನೆರಡು ಸಲ ನೋಡಬೇಕು. ಚಿಕಿತ್ಸೆ ಕೊಡುವ ವೈದ್ಯರಿಗೆ ಇನ್ನೊಂದು ವಿಷಯ ತಿಳಿದಿರಬೇಕು: ನಮ್ಮ ರಾಜ್ಯದಲ್ಲಿ ಫಾಲ್ಸಿಪಾರಂಗೆ ರೂಢಿಯಲ್ಲಿ ಕೊಡುತ್ತಿರುವುದು ಆರ್ಟಿಸುನೇಟ್ ಜೊತೆಗೆ ಸಲ್ಫಾಡಾಕ್ಸಿನ್-ಪೈರಿಮೆಥಮಿನ್. ಪೂರ್ವ ಆಫ್ರಿಕಾದ ಪರೋಪಜೀವಿ ಈ ಎರಡನೆಯ ಔಷಧಕ್ಕೆ ಬಹಳವಾಗಿ ಜಗ್ಗದಂತಾಗಿದೆ. ಅಲ್ಲಿಂದ ತಂದ ಮಲೇರಿಯಾಕ್ಕೆ ಆರ್ಟಿಮೀಥರ್-ಲ್ಯುಮೆಫ್ಯಾಂಟ್ರಿನ್ ಸರಿಯಾದ ಆಯ್ಕೆ.

ಈಜುವ ಆಸೆಗೆ ಬರುತ್ತೇನೆ. ಟಾಂಗನೀಕಾ ನಾಲ್ಕು ದೇಶಗಳ ನಡುವೆ 670 ಕಿಲೋಮೀಟರ್‌ಗೂ ಉದ್ದ ಚಾಚಿರುವ, ಸುಮಾರು 1,470 ಮೀಟರ್ ಆಳದ ಸರೋವರ, ಆಳದಲ್ಲಿ ಜಗತ್ತಿನಲ್ಲಿ ಬೈಕಲ್ ಬಿಟ್ಟರೆ ಇದೇ. ಮಹಾಲೆಯ ದಡದಲ್ಲಿ ನಿಂತರೆ ಮೊಣಕಾಲಾಳದ ಮರಳಿನ ಕಣಗಳನ್ನು ಎಣಿಸಬಹುದು ಎನ್ನುವಷ್ಟು ತಿಳಿನೀರು. ಇಷ್ಟು ತಿಳಿಯಾದ ನೀರಿನಲ್ಲಿ ರೋಗವಿರುವುದಿಲ್ಲ ಎಂದು ಎಲ್ಲರೂ ಭಾವಿಸುತ್ತಾರೆ. ಬಿಲ್ಹಾರ್ಜಿಯಾ ಎಂಬ ಹುಳುವಿನ ರೋಗಕ್ಕೆ ನೀರು ಕೊಳೆಯಾಗಿರಬೇಕೆಂದಿಲ್ಲ. ರೋಗವಿರುವವರ ಮಲ ನೀರಿಗೆ ಸೇರಿದಾಗ ಅದರಲ್ಲಿನ ಮೊಟ್ಟೆಯೊಡೆದ ಮರಿಗಳು ಒಂದು ಜಾತಿಯ ಸಣ್ಣ ಬಸವನಹುಳುವಿನ ಮೈಯಲ್ಲಿ ಬೆಳೆದು, ಕಣ್ಣಿಗೆ ಕಾಣದ ಮರಿಗಳಾಗಿ ಮತ್ತೆ ನೀರಿಗೆ ಬರುತ್ತವೆ, ನೀರಿಗಿಳಿದವರ ಚರ್ಮವನ್ನು ಕೆಲವೇ ನಿಮಿಷಗಳಲ್ಲಿ ತೂರಿ ಒಳಸೇರುತ್ತವೆ. ಈ ರೋಗ ನಮ್ಮ ನಾಡಿನದಲ್ಲವಾದ್ದರಿಂದ ತುಂಗಭದ್ರೆಯಲ್ಲಿ ಈಜಿದ ಅನುಭವ ಇಲ್ಲಿ ದಾರಿ ತೋರಿಸುವುದಿಲ್ಲ, ನಮ್ಮ ವೈದ್ಯರಿಗೂ ಇದು ಬೇಗ ಹೊಳೆಯುವುದಿಲ್ಲ.

ಬಸವನಹುಳು ಬದುಕಲು ಗಿಡಗಂಟಿ, ನಿಂತ ನೀರು ಬೇಕು. ರೋಗ ಹರಡಲು ಹತ್ತಿರ ಜನವಸತಿ ಬೇಕು. ಆದ್ದರಿಂದ ಕಿಗೋಮಾ, ಉಜಿಜಿಯಂಥ ಪಟ್ಟಣಗಳ, ಮೀನುಗಾರರ ಹಳ್ಳಿಗಳ ಅಂಚಿನ ಜೊಂಡು ಬೆಳೆದ ನೀರಿಗೆ ಪಾದ ಕೂಡ ಇಡಬೇಡಿ. ಹಳ್ಳಿಯಿಲ್ಲದ, ಅಲೆ ಬಡಿಯುವ, ಬಂಡೆಯ ದಡದಿಂದಾಚೆ ದೋಣಿಯಿಂದಿಳಿದು ಆಳದ ನೀರಿನಲ್ಲಿ ಸ್ವಲ್ಪ ಹೊತ್ತು ಈಜಿದರೆ ಬಿಲ್ಹಾರ್ಜಿಯಾದ ಅಪಾಯ ಬಹಳ ಕಡಿಮೆ, ಆದರೆ ಶೂನ್ಯವಲ್ಲ. ಅಲ್ಲಿ ಮೊಸಳೆಯ ಮಾತು ಬೇರೆಯೇ ಇದೆ, ಬೀಡಿನ ನಾವಿಕರು ಬೇಡವೆಂದರೆ ಚರ್ಚೆ ಮಾಡದೆ ಬಿಟ್ಟುಬಿಡಬೇಕು. ಇನ್ಸುಲಿನ್ ತೆಗೆದುಕೊಳ್ಳುವವರು ಈಜುವ ಮುನ್ನ ಸಕ್ಕರೆ ನೋಡಿಕೊಂಡು, ಏನಾದರೂ ತಿಂದೇ ಇಳಿಯಬೇಕು, ಪಾದಕ್ಕೆ ರಬ್ಬರಿನ ಪಾದರಕ್ಷೆ ಇರಲಿ. ಒಗಟಾಗಿ ಉಳಿಸದೆ ನನ್ನ ಅಭಿಪ್ರಾಯವನ್ನು ಹೇಳುತ್ತೇನೆ: ನಿಮ್ಮ ಪತ್ನಿಯವರು ಆ ರೀತಿ ಒಮ್ಮೆ ಈಜಲಿ, ಮೊಮ್ಮಗ ದಡದ ನೀರಿನಲ್ಲಿ ದಿನವಿಡೀ ಆಡುವುದು ಬೇಡ. ನೀರಿಗಿಳಿದವರೆಲ್ಲರೂ ಮರಳಿದ ಹನ್ನೆರಡನೇ ವಾರದಲ್ಲಿ ಪರೀಕ್ಷೆ ಮಾಡಿಸಿಕೊಳ್ಳಬೇಕು, ಅದಕ್ಕೂ ಮುಂಚೆ ಮಾಡಿದರೆ ತಪ್ಪಾಗಿ ಇಲ್ಲವೆಂದು ಬರಬಹುದು. ರೋಗ ಕಂಡರೆ ಪ್ರಾಜಿಕ್ವಾಂಟೆಲ್ ಮಾತ್ರೆಯಿಂದ ಗುಣವಾಗುತ್ತದೆ.

ಕಟಾವಿಯಲ್ಲಿ ತ್ಸೆತ್ಸೆ ನೊಣ ನಿಮ್ಮನ್ನು ಹಗಲೆಲ್ಲ ಪೀಡಿಸುತ್ತದೆ. ಚಲಿಸುವ ವಾಹನವನ್ನು ಬೆನ್ನಟ್ಟಿ ಬರುತ್ತದೆ, ತೆಳು ಬಟ್ಟೆಯ ಮೇಲಿಂದಲೇ ಕಚ್ಚುತ್ತದೆ, ಮುಲಾಮಿಗೆ ಅಷ್ಟಾಗಿ ಬಗ್ಗುವುದಿಲ್ಲ. ದಾರಿಯ ಬದಿಯ ಮರಗಳಿಗೆ ನೀಲಿ ಮತ್ತು ಕಪ್ಪು ಬಟ್ಟೆಯ ತುಂಡುಗಳನ್ನು ನೇತುಹಾಕಿರುವುದನ್ನು ಕಂಡರೆ ಅದು ಈ ನೊಣವನ್ನು ಸೆಳೆದು ಕೊಲ್ಲಲು ಮಾಡಿದ ವ್ಯವಸ್ಥೆ ಎಂದು ತಿಳಿಯಿರಿ, ಜೀನ್ಸ್ ಪ್ಯಾಂಟನ್ನೂ ಕಪ್ಪು ಶಾಲನ್ನೂ ದಾರ್ ಎಸ್ ಸಲಾಮ್‌ನಲ್ಲೇ ಬಿಟ್ಟುಹೋಗಿ. ಮಣ್ಣಿನ ಬಣ್ಣದ ದಪ್ಪ ಬಟ್ಟೆ ಒಳ್ಳೆಯದು. ಈ ನೊಣ ನಿದ್ರಾರೋಗವೆಂಬ ಮಾರಕ ಸೋಂಕನ್ನು ತರಬಲ್ಲದು ಎಂಬುದು ನಿಜ, ಅದಕ್ಕೆ ಲಸಿಕೆಯಿಲ್ಲ, ತಡೆಮಾತ್ರೆಯೂ ಇಲ್ಲ. ಆದರೆ ಪೂರ್ವ ಆಫ್ರಿಕಾದ ಬಗೆಯ ಈ ರೋಗ ಇತ್ತೀಚಿನ ವರ್ಷಗಳಲ್ಲಿ ಎಲ್ಲ ದೇಶಗಳೂ ಸೇರಿ ವರ್ಷಕ್ಕೆ ನೂರರ ಆಸುಪಾಸಿಗೆ ಅಥವಾ ಅದಕ್ಕಿಂತ ಕಡಿಮೆ ಮಂದಿಗೆ ಇಳಿದಿದೆ. ಕಡಿತ ನೋಯುತ್ತದೆ, ಊದುತ್ತದೆ, ಒಂದೆರಡು ದಿನದಲ್ಲಿ ಇಳಿಯುತ್ತದೆ. ವಾರ ಕಳೆದ ಮೇಲೆ ಅದೇ ಜಾಗದಲ್ಲಿ ಗಟ್ಟಿ ಗಂಟಾಗಿ, ಜ್ವರವೂ ಬಂದರೆ ಮಾತ್ರ ತಡಮಾಡದೆ ತೋರಿಸಬೇಕು.

ಕೊನೆಯದು ದೂರ. ಮಹಾಲೆ ಉದ್ಯಾನದ ಒಳಗೆ ವಾಹನ ಓಡುವುದಿಲ್ಲ. ಸಣ್ಣ ವಿಮಾನ ಮಣ್ಣಿನ ಪಟ್ಟಿಯ ಮೇಲೆ ಇಳಿಸುತ್ತದೆ, ಅಲ್ಲಿಂದ ದೋಣಿ. ಉತ್ತರಕ್ಕೆ ಕಿಗೋಮಾ ನೂರಕ್ಕೂ ಹೆಚ್ಚು ಕಿಲೋಮೀಟರ್. ಕತ್ತಲಾದ ಮೇಲೆ ಅಂಥ ಪಟ್ಟಿಗೆ ವಿಮಾನ ಬರುವುದಿಲ್ಲ, ಆದ್ದರಿಂದ ಸಂಜೆ ಆರಕ್ಕೆ ಎದೆನೋವು ಬಂದರೆ ಬೆಳಗಿನವರೆಗೆ ಬೀಡಿನಲ್ಲಿ ಇರುವುದರಲ್ಲೇ ನಿಭಾಯಿಸಬೇಕು. ಹೊರಡುವ ಮೊದಲು ನೀವಿಬ್ಬರೂ ಹೃದಯ ತಪಾಸಣೆ ಮಾಡಿಸಿ. ವಿಮೆ ಕೊಳ್ಳುವಾಗ ಅಗ್ಗದ್ದನ್ನು ನೋಡದೆ, ಕಾಡಿನಿಂದ ನೈರೋಬಿ ಅಥವಾ ದಾರ್ ಎಸ್ ಸಲಾಮ್‌ಗೆ ವಿಮಾನದಲ್ಲಿ ಸಾಗಿಸುವ ವೆಚ್ಚ ಅದರಲ್ಲಿದೆಯೇ, ಈಗಾಗಲೇ ಇರುವ ಸಕ್ಕರೆ ಕಾಯಿಲೆಯಿಂದಾಗುವ ತೊಂದರೆಗೂ ಅನ್ವಯಿಸುತ್ತದೆಯೇ ಎಂದು ಬರಹದಲ್ಲಿ ಕೇಳಿ ಪಡೆಯಿರಿ. 1957ರಲ್ಲಿ ನೈರೋಬಿಯಲ್ಲಿ ಆರಂಭವಾದ ಅಮ್ರೆಫ್ ಹಾರುವ ವೈದ್ಯರ ಸೇವೆ ಆ ಭಾಗದಲ್ಲಿ ಇಂಥ ಕೆಲಸ ಮಾಡುತ್ತದೆ, ನಿಮ್ಮ ಬೀಡಿನವರಿಗೆ ಅದರೊಂದಿಗೆ ಸಂಪರ್ಕವಿದೆಯೇ ಎಂದು ಅಳಿಯಂದಿರು ವಿಚಾರಿಸಲಿ.

ಇನ್ಸುಲಿನ್ ಬೇಕಾದದ್ದಕ್ಕಿಂತ ಇಮ್ಮಡಿ ಇರಲಿ, ಎರಡು ಕೈಚೀಲಗಳಲ್ಲಿ ಹಂಚಿರಲಿ, ವಿಮಾನದ ಹೊಟ್ಟೆಗೆ ಹೋಗುವ ಪೆಟ್ಟಿಗೆಯಲ್ಲಿ ಬೇಡ. ಬೀಡಿನಲ್ಲಿ ಮಂಜುಗಡ್ಡೆಗೆ ತಾಗಿಸಿದರೆ ಹೆಪ್ಪುಗಟ್ಟಿ ಕೆಡುತ್ತದೆ, ಒದ್ದೆ ಬಟ್ಟೆ ಸುತ್ತಿದ ಮಣ್ಣಿನ ಪಾತ್ರೆಯೊಳಗೆ ನೆರಳಿನಲ್ಲಿಟ್ಟರೆ ಎಂಟು ದಿನಕ್ಕೆ ಸಾಕು. ಜೊತೆಗೆ ಮಲೇರಿಯಾದ ಸ್ಥಳದಲ್ಲೇ ನೋಡುವ ಪರೀಕ್ಷಾ ಪಟ್ಟಿಗಳನ್ನೂ, ನಿಮ್ಮ ವೈದ್ಯರು ಬರೆದುಕೊಟ್ಟ ಆರ್ಟಿಮೀಥರ್-ಲ್ಯುಮೆಫ್ಯಾಂಟ್ರಿನ್‌ನ ಒಂದು ಪೂರ್ತಿ ಸರಣಿಯನ್ನೂ ಒಯ್ಯಿರಿ. ಜ್ವರ ಬಂದು ಇಪ್ಪತ್ತನಾಲ್ಕು ಗಂಟೆಯೊಳಗೆ ವೈದ್ಯರನ್ನು ಕಾಣಲಾಗದಿದ್ದರೆ ಮಾತ್ರ ಅದನ್ನು ಆರಂಭಿಸಿ, ಅಲ್ಲಿಂದ ಹೊರಡುವ ಸಿದ್ಧತೆಯನ್ನೂ ಅದೇ ಹೊತ್ತಿಗೆ ಮಾಡಿ.

ಮರಳಿ ಬಂದ ದಿನ ಒಂದು ಚೀಟಿಯಲ್ಲಿ ಹೀಗೆ ಬರೆದು ನಿಮ್ಮಿಬ್ಬರ ಹಣದ ಚೀಲಗಳಲ್ಲೂ ಒಂದೊಂದನ್ನು ಇಟ್ಟುಕೊಳ್ಳಿ: "ಸೆಪ್ಟೆಂಬರ್ 10ರಂದು ಪಶ್ಚಿಮ ಟಾಂಜಾನಿಯಾದಿಂದ ಮರಳಿದ್ದೇನೆ. ಜ್ವರವಿದ್ದರೆ ಮೊದಲು ಫಾಲ್ಸಿಪಾರಂ ಮಲೇರಿಯಾ ಪರೀಕ್ಷಿಸಿ. ಸರೋವರದ ನೀರಿಗೆ ಇಳಿದಿದ್ದೇನೆ. ತ್ಸೆತ್ಸೆ ನೊಣ ಕಚ್ಚಿದೆ." ಡಿಸೆಂಬರ್ 10ರವರೆಗೆ ಆ ಚೀಟಿಯನ್ನು ತೆಗೆಯಬೇಡಿ.